ಮಾಲೀಕರ ಸಂಘಗಳೂ ಕೂಲಿಯ ಕಟ್ಟಳೆಗಳೂ

ಕೊಹಿನೂರಿನಲ್ಲಿ ಜೋಳದ ರಾಶಿಯ ಕಾಲಕ್ಕೆ ಕೂಲಿಯ ಮಾತು ನಡೆಯುವುದು ಹೊಲದ ಬದುವಿನ ಮೇಲೆ. ಒಡೆಯನೊಬ್ಬ, ಆಳೊಬ್ಬ, ಮಾತು ಕುದುರಿದರೆ ಕೆಲಸ, ಇಲ್ಲವಾದರೆ ಇಲ್ಲ. ಅದೇ ಆಳಿನ ಮಗ ಹುಮನಾಬಾದಿಗೋ ಬೆಂಗಳೂರಿಗೋ ಕಾರ್ಖಾನೆಯ ಕೆಲಸಕ್ಕೆ ಹೋದನೆನ್ನಿ. ಅವನ ಕೂಲಿ, ದುಡಿಮೆಯ ಹೊತ್ತು, ರಜೆ ಇವುಗಳಲ್ಲಿ ಬಹುಭಾಗ ಅವನು ಕಾಣದ ಸಭೆಗಳಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಆ ಸಭೆಗಳಲ್ಲಿ ಸರ್ಕಾರ, ಕಾರ್ಮಿಕ ಸಂಘ, ಮಾಲೀಕರ ಸಂಘ ಎಂದು ಮೂರು ಪಕ್ಷಗಳುಂಟು. ಮೂರನೆಯದರ ವಿಚಾರವನ್ನು ವಾಚಕರು ಅರಿತಿರುವುದು ಒಳ್ಳೆಯದು.

ಧನಿಕರು ಕೂಡಿ ಕಟ್ಟಳೆ ಮಾಡಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ನೆರೆಯ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘವು ದೇಶದೇಶಗಳಲ್ಲಿ ಹೆಸರಾಗಿತ್ತು. ಆದರೆ ಅದು ವ್ಯಾಪಾರಿಗಳ ಕೂಟ. ದುಡಿಸಿಕೊಳ್ಳುವವರ ಸಂಘವೆಂಬುದು ಯಂತ್ರಗಳ ಜೊತೆಗೆ ಬಂದದ್ದು. ಮುಂಬಯಿಯ ಗಿರಣಿ ಮಾಲೀಕರು 1875ರಲ್ಲಿಯೂ ಅಹಮದಾಬಾದಿನವರು 1891ರಲ್ಲಿಯೂ ಸಂಘ ಕಟ್ಟಿಕೊಂಡರು.

ಇಂಥ ಸಂಘದ ಬಲವೂ ಮಿತಿಯೂ ಅಹಮದಾಬಾದಿನಲ್ಲಿ 1918ರಲ್ಲಿ ತೋರಿಬಂದವು. ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ವಿಶೇಷ ಭತ್ಯವನ್ನು ಮಾಲೀಕರು ನಿಲ್ಲಿಸಿದರು. ಕೂಲಿಕಾರರು ನೂರಕ್ಕೆ 50ರಷ್ಟು ಹೆಚ್ಚಳ ಕೇಳಿದರು. ಮಾಲೀಕರು 20ರ ಮೇಲೆ ಏರಲೊಲ್ಲರು. ಗಾಂಧೀಜಿ ಲೆಕ್ಕ ನೋಡಿ 35 ನ್ಯಾಯವೆಂದರು. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ. ಕೂಲಿಕಾರರ ಪಕ್ಷದಲ್ಲಿ ನಿಂತವರು ಅವರದೇ ಅಕ್ಕ ಅನಸೂಯಾ ಬೆನ್. ಗಾಂಧೀಜಿಯವರ ಉಪವಾಸದ ತರುವಾಯ ಉಭಯರೂ ಮಧ್ಯಸ್ಥಿಕೆಗೆ ಒಪ್ಪಿದರು. ಕೊನೆಗೆ ದೊರೆತ ತೀರ್ಪೂ 35ರದೇ. ಮಾಲೀಕರೆಲ್ಲ ಒಗ್ಗಟ್ಟಾಗಿ ಹಟ ಹಿಡಿಯಬಲ್ಲರು. ಆದರೆ ಒಪ್ಪಂದವಾದರೆ ಅದೇ ಒಗ್ಗಟ್ಟಿನಿಂದ ಅದು ಎಲ್ಲ ಗಿರಣಿಗಳಿಗೂ ಅನ್ವಯಿಸುತ್ತದೆ. ಇದೇ ಇದರ ಸ್ವಾರಸ್ಯ.

ಮರುವರ್ಷ, 1919ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ಅದರ ಸಮ್ಮೇಳನಕ್ಕೆ ಪ್ರತಿ ದೇಶವೂ ಸರ್ಕಾರದ ಇಬ್ಬರನ್ನೂ ಮಾಲೀಕರ ಒಬ್ಬನನ್ನೂ ಕಾರ್ಮಿಕರ ಒಬ್ಬನನ್ನೂ ಕಳುಹಿಸಬೇಕು. ದೇಶದ ಪರವಾಗಿ ಮಾತನಾಡಲು ದೇಶವ್ಯಾಪಿ ಸಂಘವೇ ಬೇಕಾಯಿತು. 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸೂ 1933ರಲ್ಲಿ ಭಾರತದ ಮಾಲೀಕರ ಒಕ್ಕೂಟವೂ ಸ್ಥಾಪಿತವಾದವು.

1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಮೂರೂ ಪಕ್ಷಗಳು ಕನಿಷ್ಠ ವೇತನಕ್ಕೆ ಒಂದು ಅಳತೆಯನ್ನು ಒಪ್ಪಿದವು. ದುಡಿಯುವವನ ಕುಟುಂಬವನ್ನು ಮೂರು ಊಟದ ಪಾಲೆಂದು ಎಣಿಸಿ, ಅನ್ನ, ವರ್ಷಕ್ಕೆ ಕುಟುಂಬಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಿರ್ಣಯ. ಅದು ಕಾನೂನಾಗಿರಲಿಲ್ಲ. ಆದರೂ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಆಧಾರವಾಗಿ ಹಿಡಿದು, ಮಕ್ಕಳ ವಿದ್ಯೆ, ವೈದ್ಯ ಮುಂತಾದವಕ್ಕೆಂದು ನೂರಕ್ಕೆ 25 ಭಾಗ ಕೂಡಿಸಿತು. ಮೇಜಿನ ಸುತ್ತ ಕೊಟ್ಟ ಮಾತಿಗೆ ಇಷ್ಟು ಆಯುಷ್ಯ!

ಸಂಘದ ದನಿ ಸರ್ಕಾರದ ಹೆಜ್ಜೆಯನ್ನು ತಡೆಯಲೂಬಲ್ಲದು. 2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲವು ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ಕಂಪೆನಿಗಳ ಸಂಘವಾದ ನಾಸ್ಕಾಂ ತೀವ್ರವಾಗಿ ವಿರೋಧಿಸಿತು, ಉದ್ಯಮಿಗಳೂ ದನಿಗೂಡಿಸಿದರು. ಜುಲೈ 17ರಂದೇ ಮಸೂದೆಯನ್ನು ತಡೆಹಿಡಿಯಲಾಯಿತು. ಕುಶಲರು ಸಿಕ್ಕದಿದ್ದರೆ ಉದ್ಯಮ ನಡೆಯದೆಂಬುದು ಅವರ ವಾದ, ಅದರಲ್ಲಿ ಹುರುಳಿರಬಹುದು. ಆದರೆ ಕೆಲಸ ಅರಸುವ ಬೀದರ ಜಿಲ್ಲೆಯ ಹುಡುಗನಿಗೆ ಅಷ್ಟೇ ಗಟ್ಟಿಯಾಗಿ ತನ್ನ ಮಾತನ್ನು ಮುಟ್ಟಿಸುವ ಸಂಘವೆಲ್ಲಿದೆ?

ತಕ್ಕಡಿಯ ಒಂದು ತಟ್ಟೆ ಬರಿದಾಗಿರುವುದಕ್ಕೆ ಇನ್ನೊಂದು ತಟ್ಟೆಯನ್ನು ದೂರಿ ಫಲವಿಲ್ಲ. ಕನಿಷ್ಠ ವೇತನದ ಪ್ರಸ್ತಾವವನ್ನು ಸರ್ಕಾರವು ಗೆಜೆಟ್ಟಿನಲ್ಲಿ ಪ್ರಕಟಿಸಿದಾಗ ಅಹವಾಲಿಗೆ ಎರಡು ತಿಂಗಳಿಗೆ ಕಡಿಮೆಯಿಲ್ಲದ ಕಾಲವಿರುತ್ತದೆ. ಮಾಲೀಕರ ಸಂಘದವರು ಆ ದಿನಗಳನ್ನು ಮರೆಯುವುದಿಲ್ಲ. ಮುಂದೆ ಅಂಥ ಸುದ್ದಿ ರೇಡಿಯೋದಲ್ಲಿ ಬಂದಾಗ, ಕೂಲಿಗೆ ಹೋಗುವ ನಿಮ್ಮ ನೆರೆಯವನನ್ನು ಕರೆದು ಕೇಳಿಸಿರಿ. ಒಂದು ಅರ್ಜಿ ಬರೆದುಕೊಡಿರಿ. ಅಷ್ಟು ಮಾಡುವುದಕ್ಕೆ ಓದುಬರಹ ಬಲ್ಲ ಒಬ್ಬರು ಸಾಕು.