ನಿಮಗಿದು ಗೊತ್ತೆ? ನಾದವೇ ಹೊರಡದ ಪಿಟೀಲು!

ವೆನೆಜುವೆಲಾದ ರಾಜಧಾನಿ ಕರಾಕಸ್‌ನಲ್ಲಿ ಪುಟಾಣಿಗಳು ನುಡಿಸುವ ಪಿಟೀಲಿನಿಂದ ನಾದವೇ ಹೊರಡುವುದಿಲ್ಲ. ಹೊರಡುವುದಾದರೂ ಹೇಗೆ? ಅದು ರಟ್ಟು, ಹಳೇ ಪತ್ರಿಕೆ, ಗೋಂದಿನಿಂದ ಮಾಡಿದ್ದು! ಈ ಪುಟಾಣಿಗಳ ತಂಡದ ಹೆಸರೇ ‘ಕಾಗದದ ಆರ್ಕೆಸ್ಟ್ರಾ’.

ಬಡ ಮಕ್ಕಳಿಗೂ ಸಂಗೀತ ಕಲಿಸುವ ‘ಎಲ್ ಸಿಸ್ಟೆಮಾ’ ಯೋಜನೆಯಲ್ಲಿ ಎಳೆಯರಿಗೆ ಮೊದಲ ಪಾಠವಿದು. ಅಪ್ಪ–ಅಮ್ಮನ ಜೊತೆ ಕೂತು ವಾದ್ಯ ಅಂಟಿಸಿ, ಬಣ್ಣ ಬಳಿಯುತ್ತಾರೆ. ಆಮೇಲೆ ಅದನ್ನೇ ಗದ್ದದಡಿ ಇಟ್ಟು ಕಮಾನು ಎಳೆಯುತ್ತ, ಸ್ವರವನ್ನು ಬಾಯಲ್ಲೇ ಹಾಡುತ್ತಾರೆ. ಬೆನ್ನು ನೆಟ್ಟಗಿಟ್ಟು ಕೂರುವುದು, ನಿರ್ದೇಶಕರ ಕೈಸನ್ನೆ ಕಂಡೊಡನೆ ತೆಪ್ಪಗಾಗುವುದು ಎಲ್ಲ ಇಲ್ಲೇ ರೂಢಿಯಾಗುತ್ತದೆ. ವಾದ್ಯ ಕೈಜಾರಿ ಬಿದ್ದರೆ ನಷ್ಟ ಒಂದು ತುಂಡು ರಟ್ಟು, ಅಷ್ಟೆ. ಜೋಪಾನ ಮಾಡುವುದನ್ನು ಕಲಿತ ಕೈಗೆ ಮುಂದೆ ಅಸಲಿ ವಾದ್ಯ ಬರುತ್ತದೆ.

ಯೋಜನೆ ಆರಂಭಿಸಿದ್ದು ಸಂಗೀತಗಾರ, ಅರ್ಥಶಾಸ್ತ್ರಜ್ಞ ಹೊಸೆ ಅಂತೋನಿಯೊ ಅಬ್ರೆಯು. 1975ರಲ್ಲಿ ಕರಾಕಸ್‌ನ ಗ್ಯಾರೇಜೊಂದರಲ್ಲಿ ಮೊದಲ ತಾಲೀಮಿಗೆ ಬಂದವರು ಬರೀ 11 ಮಂದಿ. 2021ರ ನವೆಂಬರ್‌ನಲ್ಲಿ ಅದೇ ಊರಲ್ಲಿ ಈ ಯೋಜನೆಯ 8,573 ವಾದಕರು ಒಟ್ಟಿಗೆ ಕೂತು ಚೈಕೋವ್‌ಸ್ಕಿಯ ‘ಸ್ಲಾವ್ ಮಾರ್ಚ್’ ನುಡಿಸಿದರು. ಜಗತ್ತಿನ ಅತಿ ದೊಡ್ಡ ಆರ್ಕೆಸ್ಟ್ರಾ ಎಂಬ ಗಿನ್ನೆಸ್ ದಾಖಲೆ ರಷ್ಯಾದ ಕೈತಪ್ಪಿ ವೆನೆಜುವೆಲಾದ ಪಾಲಾಯಿತು.