ವಲಸೆಯ ಪಾಠಕ್ಕೆ ಎರಡು ತಿಮಿಂಗಿಲ, ಒಂದು ಮಂಡಗದ್ದೆ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ವಲಸೆಯ ವಿಷಯ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಪೂರ್ವಜ್ಞಾನ ಪರೀಕ್ಷಿಸಿದಾಗ ಬಂದ ಉತ್ತರ ಹೆಚ್ಚುಕಡಿಮೆ ಒಂದೇ: "ಸೈಬೀರಿಯಾದಿಂದ ಹಕ್ಕಿ ಬರೋದು, ಮಿಸ್." ಮಂಡಗದ್ದೆಯ ಹಕ್ಕಿಗಳೂ ಅಲ್ಲಿಂದಲೇ ಬರುತ್ತವೆ ಎಂದು ಹಲವರು ನಂಬಿದ್ದರು. ದೂರವೇ ವಲಸೆಯ ಲಕ್ಷಣ ಎಂಬ ಈ ಗ್ರಹಿಕೆಯನ್ನು ಬಿಡಿಸದೆ ಪಾಠ ಮುಂದೆ ಸಾಗದು.

ನಾನು ಪ್ರಪಂಚದ ಭೂಪಟವನ್ನೂ ಉಣ್ಣೆಯ ದಾರವನ್ನೂ ಹಿಡಿದು ತಿಮಿಂಗಿಲಗಳಿಂದ ಆರಂಭಿಸಿದೆ. ಪೆಸಿಫಿಕ್‌ನ ಬೂದು ತಿಮಿಂಗಿಲ ಬೇಸಿಗೆಯಲ್ಲಿ ಆರ್ಕ್ಟಿಕ್ ಅಂಚಿನ ತಣ್ಣನೆಯ ಕಡಲಲ್ಲಿ ಮೇಯುತ್ತದೆ; ಚಳಿಗಾಲದಲ್ಲಿ ಮೆಕ್ಸಿಕೊ ಕರಾವಳಿಯ ಬೆಚ್ಚನೆಯ ಹಿನ್ನೀರಿಗೆ ಬಂದು ಮರಿ ಹಾಕುತ್ತದೆ. ಹೋಗಿಬರುವ ದಾರಿ 16,000 ಕಿ.ಮೀ. ಮೀರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಜನ ದೋಣಿ ಹತ್ತಿ ಒಂದೇ ದಿನದಲ್ಲಿ ಇವನ್ನು ನೋಡಿಕೊಂಡು ಬರುತ್ತಾರೆ.

ಇನ್ನೊಂದು ನಮ್ಮ ಅರಬ್ಬಿ ಸಮುದ್ರದ ಗೂನುಬೆನ್ನಿನ ತಿಮಿಂಗಿಲ. ಬೇರೆ ಸಾಗರಗಳಲ್ಲಿ ಇದೇ ಜಾತಿಯವು ವರ್ಷವರ್ಷವೂ ಧ್ರುವದ ಕಡೆಗೆ ಹೋಗಿಬರುತ್ತವೆ, ಇವು ಹೋಗುವುದಿಲ್ಲ. ನೈರುತ್ಯ ಮುಂಗಾರಿನ ಗಾಳಿ ಒಮಾನ್ ಕರಾವಳಿಯ ಮೇಲ್ನೀರನ್ನು ದೂರ ತಳ್ಳಿದಾಗ ಆಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೇಳುತ್ತದೆ. ಅದರಿಂದ ಪ್ಲವಕ, ಪ್ಲವಕದಿಂದ ಸಣ್ಣ ಮೀನು. ಮೇವೂ ಇಲ್ಲೇ, ಮರಿಯೂ ಇಲ್ಲೇ. ಧ್ರುವಕ್ಕೆ ಹೋಗುವ ಅಗತ್ಯವೇನು? ನಮ್ಮ ಮಲೆನಾಡಿಗೆ ಮಳೆ ತರುವ ಗಾಳಿಯೇ ಅದು ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಹೀಗೆ ಎರಡು ಪ್ರಶ್ನೆಗಳು ಸಿಕ್ಕವು: ಮೇವು ಎಲ್ಲಿ? ಮರಿ ಎಲ್ಲಿ? ಅವನ್ನೇ ಹಿಡಿದು ಮಂಡಗದ್ದೆಗೆ ಒಂದು ದಿನದ ಹೊರಸಂಚಾರ. ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯ ಬದಿಯಲ್ಲೇ ತುಂಗೆಯ ನಡುಗಡ್ಡೆ. ಮಳೆಗಾಲದಲ್ಲಿ ಮರಗಳು ನೀರಲ್ಲೇ ನಿಂತಿರುವುದರಿಂದ ನೆಲದ ಬೇಟೆಪ್ರಾಣಿಗಳಿಗೆ ಗೂಡು ಸುಲಭವಾಗಿ ಎಟುಕುವುದಿಲ್ಲ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವುದು ಆಗಲೇ. ಇವು ಸೈಬೀರಿಯಾದವಲ್ಲ, ನಮ್ಮ ದೇಶದ ಕೆರೆ, ಗದ್ದೆಗಳಲ್ಲೇ ಬದುಕುವಂಥವು. ಮರಿ ಹಾರಿದ ಮೇಲೆ ಮತ್ತೆ ಚದುರುತ್ತವೆ. ಇದು ಸ್ಥಳೀಯ ವಲಸೆ.

ಮಕ್ಕಳಿಗೆ ತಿಮಿಂಗಿಲದ ಕಥೆ ಕೇಳಿ ದೋಣಿಯ ಆಸೆ. ತುಂಬಿದ ಹೊಳೆ, ಮೇಲಾಗಿ ಗೂಡಿನ ಕಾಲ; ದಡವೇ ಸರಿ. ಐದೈದು ಮಂದಿಯ ಗುಂಪು, ಗುಂಪಿಗೊಂದು ಮರ, ಹತ್ತು ನಿಮಿಷದ ಎಣಿಕೆ ಸಾಕು. ವೀಕ್ಷಣಾ ಹಾಳೆಯಲ್ಲಿ "ಕೊಕ್ಕಿನಲ್ಲಿ ಮೀನು" ಎಂಬ ಅಂಕಣ ಬೇಡ: ಇವು ಮೀನನ್ನು ನುಂಗಿ ತಂದು ಮರಿಗೆ ಕಕ್ಕಿ ಕೊಡುತ್ತವೆ. ನೀರುಕಾಗೆಯ ಮರಿ ತಾಯಿಯ ಗಂಟಲೊಳಗೇ ತಲೆ ಹಾಕುವುದನ್ನು ನೋಡಲು ದುರ್ಬೀನಿಗಾಗಿ ಜಗಳವೇ ಆಯಿತು.

ಕಿರುಪರೀಕ್ಷೆಯಲ್ಲಿ ಬೂದು ತಿಮಿಂಗಿಲಕ್ಕೂ ಬೆಳ್ಳಕ್ಕಿಗೂ ಇರುವ ಸಾಮ್ಯ ಕೇಳಿದ್ದೆ. "ಎರಡೂ ಬಾಣಂತನಕ್ಕೆ ತವರಿಗೆ ಹೋದ ಹಾಗೆ" ಎಂದು ಒಬ್ಬಳು ಬರೆದಿದ್ದಳು. ಮೇವಿನ ಮಾತು ಬಿಟ್ಟಿದ್ದಳು. ಎರಡಕ್ಕೆ ಒಂದೂವರೆ ಅಂಕ ಕೊಟ್ಟೆ.