ಮುರಿಯುವ ಕ್ಲಿಪ್ಪಿನ ಮರ್ಯಾದೆ

ಮೋಟಾರುಗಾಡಿಯ ಬಾಗಿಲಿನ ಪ್ಯಾಡು, ಬಂಪರು, ಬೀಡಿಂಗು, ಚಕ್ರದ ಮೇಲ್ಭಾಗದ ಪ್ಲಾಸ್ಟಿಕ್ ಮರೆ ಮೊದಲಾದ ಸಜ್ಜನ್ನು ಒಮ್ಮೆ ಬಿಚ್ಚಿ ಮತ್ತೆ ಕೂರಿಸುವಾಗ ಒಂದೆರಡು ನೈಲಾನ್ ಕ್ಲಿಪ್ಪುಗಳು ಮುರಿಯದೆ ಉಳಿಯುವುದು ಅಪರೂಪ. ಆ ಮುರುಕನ್ನು ಅಂಗೈಯಲ್ಲಿ ತೋರಿಸುತ್ತ, “ಕಂಪೆನಿಯವರು ಕಾಸು ಉಳಿಸೋದಕ್ಕೆ ಇಂಥಾದ್ದು ಹಾಕ್ತಾರೆ ಸಾರ್, ನಾನೊಂದು ಸ್ಕ್ರೂ ಹೊಡೆದುಬಿಡ್ತೀನಿ, ಜನ್ಮದಲ್ಲಿ ಅಲ್ಲಾಡಲ್ಲ” ಎಂದು ಮೆಕ್ಯಾನಿಕ್ ಹೇಳಿದಾಗ ತಲೆಯಾಡಿಸದ ಗಾಡಿಯೊಡೆಯನು ಅದಕ್ಕಿಂತಲೂ ಅಪರೂಪ. ನಾನೂ ತಲೆಯಾಡಿಸಿದವನೇ. ಎರಡು ಮಳೆಗಾಲ ಕಳೆದ ಮೇಲೆ ನೋಡಿದಾಗ ಆ ಸ್ಕ್ರೂ ನಿಜಕ್ಕೂ ಅಲ್ಲಾಡಿರಲಿಲ್ಲ. ಅದರ ಸುತ್ತಲಿನ ತಗಡು ಮಾತ್ರ ಇರಲಿಲ್ಲ. ಬಣ್ಣವು ಹಪ್ಪಳದಂತೆ ಉಬ್ಬಿದ್ದು, ಉಗುರು ತಾಗಿಸಿದೊಡನೆ ಕೆಂಪು ಪುಡಿಯೊಡನೆ ಕಳಚಿಬಿದ್ದಿತು.

ಸ್ಕ್ರೂ ಬಲಿಷ್ಠವಾದುದರಿಂದ ಕ್ಲಿಪ್ಪಿಗಿಂತ ಉತ್ತಮವೆಂಬ ನಂಬಿಕೆಯೇ ಈ ವಿಷಯದಲ್ಲಿ ಮೊದಲನೆಯ ಮತ್ತು ಅತ್ಯಂತ ದುಬಾರಿಯಾದ ಭ್ರಮೆ. ಕಾರಿನ ಹೊರಮೈಯ ತಗಡು ಸಾಮಾನ್ಯವಾಗಿ 1 ಮಿಲಿಮೀಟರಿಗಿಂತಲೂ ತೆಳುವಾದುದು. ಅದನ್ನು ಕಾಯುವ ಬಣ್ಣದ ಪದರಗಳೆಲ್ಲ ಸೇರಿ 1 ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು. ಕಾರ್ಖಾನೆಯಲ್ಲಿ ಕ್ಲಿಪ್ಪಿನ ತೂತುಗಳನ್ನು ಮೊದಲು ಕೊರೆದು, ಆಮೇಲೆ ಇಡೀ ಮೈಯನ್ನು ತುಕ್ಕುನಿರೋಧಕ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುವುದರಿಂದ ಆ ತೂತಿನ ಅಂಚಿಗೂ ರಕ್ಷೆಯುಂಟು. ನಾವು ಡ್ರಿಲ್ಲಿನಿಂದ ಕೊರೆಯುವ ತೂತಿನ ಅಂಚಾದರೋ ಬರಿಯ ಉಕ್ಕು, ಅದರ ಹಿಂದೆ ಕೆಸರೂ ನೀರೂ ತಿಂಗಳುಗಟ್ಟಲೆ ನಿಲ್ಲುವ ತಾಣ. ಇದಲ್ಲದೆ ಬಿಸಿಲಿನಲ್ಲಿ ಪ್ಲಾಸ್ಟಿಕ್ಕು ಉಕ್ಕಿಗಿಂತ ಹಲವು ಪಟ್ಟು ಹಿಗ್ಗತಕ್ಕ ವಸ್ತು. ಕ್ಲಿಪ್ಪು ಅದಕ್ಕೆ ಕೂದಲೆಳೆಯಷ್ಟು ಜರುಗಲು ಎಡೆ ಕೊಡುತ್ತದೆ. ಬಿಗಿದ ಸ್ಕ್ರೂ ಕೊಡುವುದಿಲ್ಲವಾದುದರಿಂದ ಬಂಪರು ಅಲೆಯಲೆಯಾಗಿ ಸೊಟ್ಟಗಾಗುತ್ತದೆ, ಇಲ್ಲವೇ ತೂತಿನಿಂದಲೇ ಸೀಳುತ್ತದೆ. ಎಳೆದಾಗ ತಾನು ಮುರಿದು, ಬೆಲೆಬಾಳುವ ಪ್ಯಾಡನ್ನು ಉಳಿಸುವುದಕ್ಕಾಗಿಯೇ ಕ್ಲಿಪ್ಪನ್ನು ದುರ್ಬಲವಾಗಿ ನಿರ್ಮಿಸಿದೆ ಎಂಬುದನ್ನು ನಾವು ಮರೆಯುತ್ತೇವೆ. ಹೊಸ ಕ್ಲಿಪ್ಪು ಕೊಳ್ಳುವಾಗ ಹಳೆಯದರ ಮುರುಕನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋಗುವುದೇ ಲೇಸು. ಕಾಂಡದ ದಪ್ಪದಲ್ಲಿ ಅರ್ಧ ಮಿಲಿಮೀಟರು ವ್ಯತ್ಯಾಸವಾದರೂ ಅದು ಗಡಗಡಿಸುತ್ತದೆ, ಇಲ್ಲವೇ ಹೊಗುವುದೇ ಇಲ್ಲ.

ಸ್ಕ್ರೂ ಬೇಕೇ ಬೇಕಾದೆಡೆಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನದನ್ನು ಹಾಕಿದರೆ ತುಕ್ಕಿನ ಚಿಂತೆಯೇ ಇಲ್ಲವೆಂಬುದು ವಿದ್ಯಾವಂತರ ತಪ್ಪು ಕಲ್ಪನೆ. ಅಡಿಗೆಮನೆಯ ಪಾತ್ರೆಯನ್ನು ಕಂಡು ಹುಟ್ಟಿದ ವಿಶ್ವಾಸವಿದು. ನೀರಿನಿಂದ, ಅದರಲ್ಲಿಯೂ ಮಂಗಳೂರು ಕಾರವಾರಗಳ ಉಪ್ಪುಗಾಳಿಯ ತೇವದಿಂದ, ತೊಯ್ದ ಎರಡು ಭಿನ್ನ ಲೋಹಗಳು ಪರಸ್ಪರ ತಾಗಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು, ಅವೆರಡರಲ್ಲಿ ಬೇಗ ಸವೆಯುವ ಗುಣದ್ದು ಇನ್ನೊಂದಕ್ಕೆ ಆಹುತಿಯಾಗುತ್ತದೆ. 1760ರ ದಶಕದಲ್ಲಿ ಇಂಗ್ಲೆಂಡಿನ ನೌಕಾಪಡೆಯವರು ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಕಬ್ಬಿಣದ ಮೊಳೆಗಳಿಂದ ಜಡಿದಿದ್ದರು. ಕೆಲವು ಕಾಲದ ಮೇಲೆ ಪರೀಕ್ಷಿಸಲಾಗಿ ಮೊಳೆಗಳು ಕೊಳೆತು ತಗಡು ಕಳಚುತ್ತಿತ್ತು. ಆದರೆ ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದವು ಮೊಳೆಯ ತಲೆಯಡಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿಕೊಂಡಿದ್ದ ಕಡೆ ಮೊಳೆ ಕೆಡದೆ ನಿಂತಿತ್ತು. ಇಂದಿನ ನೈಲಾನ್ ವಾಷರು ಮಾಡುವ ಕೆಲಸವೂ ಆ ಕಾಗದ ಮಾಡಿದ್ದೇ. ವಿಸ್ತಾರವಾದ ಸ್ಟೇನ್‌ಲೆಸ್ ಪಟ್ಟಿಯನ್ನು ಸಾದಾ ಉಕ್ಕಿನ ಸಣ್ಣ ಸ್ಕ್ರೂಗಳಿಂದ ಹಿಡಿಸಿದರೆ ಅವು ಅಲಾರ್ಮಿನ ಮೊಳೆಗಳ ಹಾದಿಯನ್ನೇ ಹಿಡಿಯುತ್ತವೆ. ಬಣ್ಣ ಕೆರೆದುಹೋದ ಉಕ್ಕಿನ ಇಲ್ಲವೇ ಅಲ್ಯೂಮಿನಿಯಮ್ಮಿನ ತಗಡಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಸ್ಕ್ರೂ ಹೊಳೆಯುತ್ತಲೇ ಇದ್ದು ತೂತಿನ ಅಂಚು ಸವೆಯುತ್ತದೆ. ಉಕ್ಕಿನ ಮೈಗೆ ಸತುವು ಲೇಪಿಸಿದ ಸ್ಕ್ರೂ, ಸ್ಟೇನ್‌ಲೆಸ್ ಪಟ್ಟಿಗೆ ಸ್ಟೇನ್‌ಲೆಸ್ ಸ್ಕ್ರೂವನ್ನೇ ತಗಡಿನಲ್ಲಿ ಕೂರಿಸಿದ ನೈಲಾನ್ ಬುಶ್ಶಿನೊಳಕ್ಕೆ ತಿರುಗಿಸುವುದು, ಇದು ಯುಕ್ತವಾದ ಕ್ರಮ. ಬಲದ ಮಾತಿಗೆ ಬಂದರೂ ಸಾಮಾನ್ಯ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು ಚದರ ಮಿಲಿಮೀಟರಿಗೆ 700 ನ್ಯೂಟನ್ ತಡೆದರೆ, ತಲೆಯ ಮೇಲೆ 8.8 ಎಂದು ಕೆತ್ತಿದ ಉಕ್ಕಿನ ಬೋಲ್ಟು 800 ತಡೆಯುತ್ತದೆ.

“ಹೋಗುತ್ತೆ, ಅಂದಮೇಲೆ ಸರಿಯಾದದ್ದೇ” ಎಂಬ ಇನ್ನೊಂದು ತರ್ಕವುಂಟು. 6 ಮಿಲಿಮೀಟರಿನ ಬೋಲ್ಟು ಕಾಲು ಇಂಚಿನ ನಟ್ಟಿನೊಳಕ್ಕೆ ಸಡಿಲವಾಗಿಯಾದರೂ ಹೊಗುವುದು ದಿಟ, ಏಕೆಂದರೆ ಕಾಲು ಇಂಚೆಂದರೆ 6.35 ಮಿಲಿಮೀಟರು, ಆದರೆ ಎರಡರ ಥ್ರೆಡ್ಡಿನ ಅಂತರ ಬೇರೆಯಾದುದರಿಂದ ಅದು ಒಂದೆರಡು ಸುತ್ತಿಗೇ ತಡವರಿಸುತ್ತದೆ, ಬಲವಂತ ಮಾಡಿದರೆ ನಟ್ಟೂ ಹಾಳು ಬೋಲ್ಟೂ ಹಾಳು. ಇಂಗ್ಲಿಷ್ ಮೂಲದ ಅಂಬಾಸಿಡರಿನಂಥ ಹಳೆಯ ಗಾಡಿಗಳನ್ನು ಇಂದಿನ ಮೆಟ್ರಿಕ್ ಬೋಲ್ಟುಗಳಿಂದ ಕಟ್ಟಹೊರಟವರಿಗೆ ಈ ಪಾಠ ಚೆನ್ನಾಗಿ ಗೊತ್ತು.

ಬಿಗಿ ಹೆಚ್ಚಿದಷ್ಟೂ ಭದ್ರವೆಂಬ ಭ್ರಮೆಗೆ ಹೆಚ್ಚಿನ ವಿವರ ಅನಗತ್ಯ. ಪ್ಲಾಸ್ಟಿಕ್ಕಿನೊಳಕ್ಕೆ ಹೋಗುವ ಸ್ಕ್ರೂವನ್ನು ಮೊದಲು ಎಡಕ್ಕೆ ಮೆಲ್ಲನೆ ತಿರುಗಿಸುತ್ತಿದ್ದರೆ ಒಂದು ಘಟ್ಟದಲ್ಲಿ ಅದು ‘ಟಿಕ್’ ಎಂದು ಹಳೆಯ ಥ್ರೆಡ್ಡಿಗೆ ಇಳಿಯುವುದು ಬೆರಳಿಗೇ ತಿಳಿಯುತ್ತದೆ, ಆಮೇಲೆ ಬಲಕ್ಕೆ ತಿರುಗಿಸಿ, ತಲೆ ಕೂತೊಡನೆ ಕೈ ಬಿಡಬೇಕು. ತಗಡನ್ನು ತಬ್ಬಿಕೊಂಡು ಸ್ಕ್ರೂವನ್ನು ಹಿಡಿಯುವ ಸ್ಪ್ರಿಂಗ್ ನಟ್ಟೆಂಬುದು ಈಗ ಪ್ರತಿ ಗಾಡಿಯಲ್ಲಿಯೂ ಇದೆಯಷ್ಟೆ. ಅದರ ಹುಟ್ಟು ಮೋಟಾರಿನಲ್ಲಲ್ಲ, ಅಡಿಗೆಯ ಒಲೆಯಲ್ಲಿ. ಅಮೆರಿಕದ ಕ್ಲೀವ್‌ಲ್ಯಾಂಡಿನ ಟಿನ್ನರ್ಮನ್ ಎಂಬಾತನು ತನ್ನ ಒಲೆಗಳ ಪಿಂಗಾಣಿ ಲೇಪವು ಬಿಗಿತಕ್ಕೆ ಬಿರಿಯುತ್ತಿದ್ದುದನ್ನು ತಡೆಯಲು ಅದನ್ನು ಕಲ್ಪಿಸಿದನು.

ಇಷ್ಟರವರೆಗೆ ಹೇಳಿದ್ದೆಲ್ಲ ತಗಡು ಮತ್ತು ಹಣದ ನಷ್ಟ. ಮುಂಗಾಜಿನ ಎರಡು ಪಕ್ಕದ ಕಂಬಗಳ ಪ್ಯಾಡಿನ ವಿಷಯ ಹಾಗಲ್ಲ. ಪರದೆಯಂತೆ ಇಳಿಯುವ ಏರ್‌ಬ್ಯಾಗುಳ್ಳ ಕಾರುಗಳಲ್ಲಿ ಆ ಪ್ಯಾಡಿನ ಹಿಂದೆ ಮಡಿಸಿಟ್ಟ ಚೀಲವು ಅಪಘಾತದಲ್ಲಿ ಎವೆಯಿಕ್ಕುವುದರೊಳಗೆ ಉಬ್ಬಿ ಹೊರಬರಬೇಕು. ಅದಕ್ಕೆ ದಾರಿ ಬಿಡಲೆಂದೇ ಅಲ್ಲಿನ ಕ್ಲಿಪ್ಪು ನಿಗದಿಯಾದ ಸೆಳೆತಕ್ಕೆ ಬಿಡುತ್ತದೆ, ಪ್ಯಾಡು ಮುಖಕ್ಕೆ ಹಾರದಂತೆ ಒಂದು ಬಾಲದಿಂದ ಹಿಡಿದುಕೊಂಡೂ ಇರುತ್ತದೆ. ಒಮ್ಮೆ ಎಳೆದ ಆ ಕ್ಲಿಪ್ಪನ್ನು ಮತ್ತೆ ಬಳಸಲಾಗದೆಂದು ಅನೇಕ ತಯಾರಕರು ದುರಸ್ತಿಯ ಕೈಪಿಡಿಯಲ್ಲಿಯೇ ಬರೆದಿದ್ದಾರೆ. ಅಲ್ಲಿ ಅಂಟು ಹಚ್ಚಬೇಡಿರಿ, ಸ್ಕ್ರೂವನ್ನಂತೂ ಹೊಡೆಯಲೇಬೇಡಿರಿ. ನಿಮ್ಮ ಗಾಡಿಯ ಮಾದರಿಗೇ ಹೊಂದುವ ಹೊಸ ಕ್ಲಿಪ್ಪು ಕೈಗೆ ಬಂದ ಮೇಲೆಯೇ ಆ ಪ್ಯಾಡನ್ನು ಮುಟ್ಟಿರಿ.